ಟವಲಿನ ಕೆಳಗೆ ಒಂದು ಗಿಟಾರು

ಜಹೀರಾಬಾದ್, ಹೊರಡುವ ಮುಂಚೆ

ವಿಯೆಟ್ನಾಮಿಗೆ ಹೋಗಿಬಂದ ಡೀಲರುಗಳೆಲ್ಲ ದೋಣಿಯಲ್ಲಿ ಕೂತ ಫೋಟೊ ತೋರಿಸುತ್ತಾರೆ. ನನ್ನ ಮೊಬೈಲಿನಲ್ಲಿ ಒಂದು ದೋಣಿಯೂ ಇಲ್ಲ. ಇರುವುದೆಲ್ಲ ಗಿಟಾರಿನ ಕತ್ತು: ಮುಂದಿನಿಂದ, ಹಿಂದಿನಿಂದ, ಕಣ್ಣಿಗೆ ಹಿಡಿದು ಉದ್ದಕ್ಕೆ. ನೋಡಿದವರು 'ಮಾಣಿಕಪ್ಪಗ ಏನಾತಪ್ಪ' ಅನ್ನುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ನನ್ನದು ಹೆದ್ದಾರಿಗೆ ಮುಖ ಮಾಡಿದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅದಕ್ಕೂ ಮೊದಲು ನಾರಾಯಣಖೇಡದ ಕಡೆಯ ಸಂತೆಗಳಲ್ಲಿ ಕುರಿ ದಲ್ಲಾಳಿಯಾಗಿದ್ದೆ. ಬೆನ್ನ ಮೇಲೆ ಕೈಯಿಟ್ಟರೆ ಕುರಿಯ ತೂಕ ಹೇಳುತ್ತೇನೆ, ಬಾಯಿ ಬಿಡಿಸಿದರೆ ವಯಸ್ಸು ಹೇಳುತ್ತೇನೆ. ಈ ಎರಡು ವಿದ್ಯೆಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಆದರೆ ಅಂಗಡಿ ಎದ್ದದ್ದು ಅವುಗಳ ಮೇಲೆಯೇ. ಈ ವರ್ಷ ಇಂಜಿನ್ ಎಣ್ಣೆಯ ಒಂದು ಕಂಪನಿ, ಹೆಚ್ಚು ಮಾರಿದ ಅಂಗಡಿಯವರನ್ನು ಆರು ದಿನ ವಿಯೆಟ್ನಾಮಿಗೆ ಕರೆದೊಯ್ಯುತ್ತೇವೆ ಅಂದಿತು. ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಇದರಲ್ಲಿ ಗಿಟಾರು ಎಲ್ಲಿಂದ ಬಂತು? ನನ್ನ ಹೆಂಡತಿ ಶಾಂತಮ್ಮನ ತಮ್ಮ ಶಿವರಾಜನಿಂದ ಬಂತು. ತಾಂಡೂರಿನವನು, ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ಡಿಜೆ ಡಬ್ಬಗಳು ಬಂದ ಮೇಲೆ ಆರ್ಕೆಸ್ಟ್ರಾ ಕರೆಯುವವರು ಕಡಿಮೆಯಾದರು. ಆಗ ಅವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದವನು ನಾನು. "ತಂತಿ ಮೀಟಿದ್ರ ಹೊಟ್ಟಿ ತುಂಬಲ್ಲಪ್ಪ. ಫರ್ಸಿ ಕಲ್ಲಿನ ಫ್ಯಾಕ್ಟರಿಗಿ ಹೋಗು, ಮಾಲಕ ನನ್ನ ಗುರ್ತಿನಾಂವ" ಅಂದೆ. ಹೋದ. ವರ್ಷ ತುಂಬುವುದರೊಳಗೆ ಕಲ್ಲಿಗೆ ಪಾಲಿಶ್ ಹಾಕುವ ಯಂತ್ರ ಅವನ ಎಡಗೈ ಉಂಗುರ ಬೆರಳಿನ ತುದಿಯನ್ನು ತೆಗೆದುಕೊಂಡಿತು. ತಂತಿ ಒತ್ತುವ ಕೈ ಅದೇ.

ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಹಬ್ಬಕ್ಕೆ ಬರುತ್ತಾನೆ, "ಆರಾಮ ಇದ್ದೀರೇನ್ರಿ ಮಾಮಾ?" ಅನ್ನುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ಮೊಂಡು ಬೆರಳಿನಿಂದ ತಂತಿ ಒತ್ತಿದರೆ ಭುಜದವರೆಗೂ ಝುಮ್ಮೆನ್ನುತ್ತದಂತೆ. ಹಳೆಯ ಗಿಟಾರನ್ನು ಮಾರಿಬಿಟ್ಟ. ಅದನ್ನೂ ಶಾಂತಮ್ಮನೇ ನನಗೆ ಹೇಳಿದ್ದು.

ಹೋ ಚಿ ಮಿನ್ ನಗರದ ಗಲ್ಲಿಗಳಲ್ಲಿ ಹೆಸರಿಲ್ಲದ ಕುಶಲಿಗರು ಒಳ್ಳೊಳ್ಳೆಯ ಗಿಟಾರು ಮಾಡುತ್ತಾರೆಂದು ಅವನ ಹಳೆಯ ತಂಡದವರೊಬ್ಬರು ಹೇಳಿದ್ದರು. ತರುತ್ತೇನೆ ಅಂದಾಗ ಶಾಂತಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ತರ್ರಿ. ಆದ್ರ ಕೊಟ್ಟ ಮ್ಯಾಲ ಒಂದು ಮಾತು ಹೇಳಬ್ಯಾಡ್ರಿ. ಹಿಂಗ ಹಿಡಿ, ಹಂಗ ಬಾರಸು, ಅಲ್ಲಿ ಸೇರು, ಇಲ್ಲಿ ಸೇರು, ಏನೂ ಬ್ಯಾಡ. ಅವನ ಮುಂದ ಇಟ್ಟು ಬಾಯಿ ಮುಚ್ಚಿ ಬರ್ರಿ."

"ಹೂಂ" ಅಂದೆ. ಸಲಹೆ ಕೊಡದೆ ಒಂದು ದಿನ ಕಳೆದವನಲ್ಲ ನಾನು.

ಹೋ ಚಿ ಮಿನ್ ನಗರ, ಮೊದಲ ಬೆಳಿಗ್ಗೆ

ಅಲ್ಲಿ ರಸ್ತೆ ಅಂದರೆ ಹರಿಯುವ ಮೋಟಾರ್ ಸೈಕಲ್ಲುಗಳು. ಒಂದು ಗಾಡಿಯ ಮೇಲೆ ಅಲ್ಮಾರ ಹೋಗುತ್ತದೆ, ಇನ್ನೊಂದರ ಮೇಲೆ ಇಡೀ ಸಂಸಾರ. ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ನಾರಾಯಣಖೇಡದ ಗೊಬ್ಬರದಂಗಡಿ ನಾಗಶೆಟ್ಟಿ ಹೋಟೆಲಿನ ಮುಂದಿನ ಫುಟ್‌ಪಾತಿನ ಮೇಲೆ ನಿಂತುಬಿಟ್ಟರು.

"ಮಾಣಿಕಪ್ಪ, ನಾ ಇಲ್ಲೇ ಇರ್ತೀನಿ. ಆ ಕಡಿ ಏನೇನ್ ಅದ ನೋಡಿ ಬಂದು ಹೇಳ್ರಿ."

ನೀವೂ ಹೋದರೆ ಕೇಳಿಕೊಳ್ಳಿ: ನಿಲ್ಲಬಾರದು, ಓಡಬಾರದು, ಹಿಂದಕ್ಕೆ ಸರಿಯಬಾರದು. ಒಂದೇ ನಡಿಗೆಯಲ್ಲಿ ನಡೆಯಬೇಕು, ಗಾಡಿಯವರೇ ನಿಮ್ಮನ್ನು ಸುತ್ತಿಕೊಂಡು ಹೋಗುತ್ತಾರೆ. ಕುರಿ ಹಿಂಡಿನ ನಡುವೆ ನಡೆದವರಿಗೆ ಇದನ್ನು ಕಲಿಸಬೇಕಿಲ್ಲ. ನಾಗಶೆಟ್ಟರ ಕೈ ಹಿಡಿದು ದಾಟಿಸಿದೆ. ಆಚೆ ಬದಿಯಲ್ಲಿ ಅವರು ಕಣ್ಣು ತೆರೆದರು.

ಗಿಟಾರು ಅಂಗಡಿಗಳ ಬೀದಿ ಅಲ್ಲಿಂದ ದೂರವಿರಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಬೋಣಿ ಗಿರಾಕಿಯನ್ನು ಯಾವ ಅಂಗಡಿಯವರೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬುದು ನನ್ನ ಲೆಕ್ಕ. ಮೊದಲ ಅಂಗಡಿಯ ಹೆಂಗಸು ಕೆಂಪು ಬಣ್ಣದ ಒಂದನ್ನು ತೋರಿಸಿ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿದಳು. ನಾನು ಅದರ ಮೂರರಲ್ಲೊಂದು ಪಾಲು ಒತ್ತಿದೆ. ಅವಳು ಆಗದೆಂದು ತಲೆಯಾಡಿಸಿದಳು. ನಾನು ಎದ್ದು ಹೊರಟೆ. ಹೊರಟರೆ ಕರೆಯುತ್ತಾರೆ, ಅದು ಭೂಮಿಯ ಮೇಲಿನ ಎಲ್ಲ ಸಂತೆಯ ಧರ್ಮ.

ಕರೆಯಲಿಲ್ಲ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವಳು ಒಂದು ಕಾಗದಕ್ಕೆ ಬೆಂಕಿ ಹಚ್ಚಿ, ನಾನು ನಿಂತಿದ್ದ ಜಾಗದ ಮೇಲೆ ಆಡಿಸಿ, ಬೀದಿಯ ಕಡೆಗೆ, ಅಂದರೆ ನನ್ನ ಕಡೆಗೆ, ಬೀಸುತ್ತಿದ್ದಳು.

"ನಿಮ್ಮ ದೃಷ್ಟಿ ತೆಗ್ಯಾಕತ್ಯಾಳ್ರಿ, ಪುಣ್ಯವಂತಿ" ಅಂದರು ನಾಗಶೆಟ್ಟಿ.

ದೃಷ್ಟಿಯಲ್ಲ. ಸಂಜೆ ನಮ್ಮ ಗೈಡ್ ನಕ್ಕು ನಕ್ಕು ಹೇಳಿದ: ದಿನದ ಮೊದಲ ಗಿರಾಕಿ ಚೌಕಾಸಿ ಮಾಡಿ ಕೊಳ್ಳದೆ ಹೋದರೆ ಇಡೀ ದಿನದ ವ್ಯಾಪಾರ ಹಾಳು. ಆ ಪೀಡೆಯನ್ನು ಸುಟ್ಟು ಓಡಿಸುತ್ತಾರೆ. ಅಂದರೆ ಪೀಡೆ ನಾನೇ. ನಮ್ಮ ಅಂಗಡಿಗೆ ಅಂಥವರು ಬಂದರೆ ನಾನೂ ಮನಸ್ಸಿನಲ್ಲೇ ಶಪಿಸುತ್ತೇನೆ. ಆದರೆ ಯಾರ ಬೆನ್ನಿಗೂ ಬೆಂಕಿ ಹಿಡಿದಿಲ್ಲ. ಆ ದಿನ ಇನ್ನು ಯಾವ ಅಂಗಡಿಯೊಳಗೂ ಕಾಲಿಡಲು ಧೈರ್ಯ ಬರಲಿಲ್ಲ. ಆರು ದಿನದಲ್ಲಿ ಒಂದು ಹಾಗೇ ಹೋಯಿತು.

ಅದೇ ಬೀದಿ, ಎರಡನೇ ದಿನ

ಕಂಪನಿಯವರು ಎಲ್ಲರನ್ನೂ ಯುದ್ಧಕಾಲದ ಸುರಂಗ ನೋಡಲು ಕರೆದೊಯ್ದರು. ನಾನು ಹೊಟ್ಟೆನೋವು ಅಂದೆ.

ಗಿಟಾರು ಕೊಳ್ಳುವವರಿಗೆ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶಾಂತಮ್ಮ ಬಾಯಿ ಮುಚ್ಚಿಸಿದ್ದು ಶಿವರಾಜನ ಮುಂದೆ ಮಾತ್ರ. ದೊಡ್ಡ ಹೆಸರಿನ ಗಿಟಾರಿಗೆ ನೀವು ಕೊಡುವ ಬೆಲೆಯಲ್ಲಿ ಅರ್ಧ ಹೆಸರಿಗೇ ಹೋಗುತ್ತದೆ. ಬೇರಿಂಗ್ ಮಾರುವವನಿಗೆ ಇದು ಗೊತ್ತು. ಪೆಟ್ಟಿಗೆ ನೋಡಿ ಕೊಂಡವರು ಸೀಸನ್ನಿನ ನಡುವೆ ಮರಳಿ ಬರುತ್ತಾರೆ, ತಿರುಗಿಸಿ ನೋಡಿ ಕೊಂಡವರು ಬರುವುದಿಲ್ಲ. ಹೆಸರಿಲ್ಲದವರ ಬಳಿ ಒಳ್ಳೆಯದೂ ಇರುತ್ತದೆ, ಕಸವೂ ಇರುತ್ತದೆ, ಆದ್ದರಿಂದ ಕಣ್ಣು ಕೈ ಎರಡನ್ನೂ ದುಡಿಸಬೇಕು. ನೇಗಿಲ ಈಸಿನ ಮರ ನೇರವಿದೆಯೇ ಅಂತ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿ. ಸೊಟ್ಟವಿದ್ದರೆ ಅಲ್ಲೇ ಬಿಡಿ. ಕತ್ತಿಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿಗಳಿರುತ್ತವಲ್ಲ, ಅವೇ ಹಲ್ಲು. ಅಂಚಿನ ಮೇಲೆ ಅಂಗೈ ಸವರಿ. ಚುಚ್ಚಿದರೆ ಮಾಡಿದವರಿಗೆ ಅವಸರವಿತ್ತು ಅಂತ ಅರ್ಥ. ಹಲ್ಲಿಗೂ ಹಲ್ಲಿಗೂ ನಡುವಿನ ಒಂದೊಂದು ಮನೆಯಲ್ಲೂ ತಂತಿ ಒತ್ತಿ ಮೀಟಿ, ಎಲ್ಲಿ ಗರಗರ ಅನ್ನುತ್ತದೋ ಅಲ್ಲಿ ಹಲ್ಲು ಏರುಪೇರು. ಆರ್ಕೆಸ್ಟ್ರಾದವರದು ಕರೆಂಟಿನ ಗಿಟಾರು, ಕರೆಂಟಿಗೆ ಹಚ್ಚಿದ ಮೇಲೆ ಏನೂ ನುಡಿಸದೆ ಸುಮ್ಮನೆ ನಿಲ್ಲಿ. ಒಳ್ಳೆಯದು ಸುಮ್ಮನಿರುತ್ತದೆ, ಕೆಟ್ಟದ್ದು ತಾನೇ ಗುಂಯ್ಗುಡುತ್ತದೆ. ಕೊರಳಿಗೆ ಹಾಕಿ ಕೈ ಬಿಡಿ. ತಲೆ ನೆಲಕ್ಕೆ ಬಾಗಿದರೆ ಆ ಭಾರ ಜೀವಮಾನವಿಡೀ ನಿಮ್ಮ ಎಡಗೈಯದು.

ಇಷ್ಟನ್ನೂ ಹನ್ನೊಂದು ಅಂಗಡಿಗಳಲ್ಲಿ ಮಾಡಿದೆ. ಒಂದು ಮನಸ್ಸಿಗೆ ಬಂದರೂ ಕೊಳ್ಳಲಾಗಲಿಲ್ಲ. ಕೈಯಲ್ಲಿ ಹಿಡಿದು ಹೊರಬರುವುದು, ಗಲ್ಲಿಯ ಕೊನೆಯವರೆಗೆ ನಡೆಯುವುದು, ಮರಳಿ ಹೋಗಿ ಇನ್ನೊಮ್ಮೆ ನೋಡುವುದು. ಸಾವಿರ ಕುರಿ ಕೊಂಡ ಕೈ ಇದು, ಎಂದೂ ಅಳುಕಿದ್ದಿಲ್ಲ. ತಪ್ಪಿದರೆ ನಷ್ಟ ನನ್ನದು, ಅಷ್ಟೇ ಇತ್ತು ಆಗ. ಶಿವರಾಜನಿಗೆ ಒಮ್ಮೆ ಆರಿಸಿ ಕೊಟ್ಟಾಗಿದೆ. ಎರಡನೇ ಸಲವೂ ತಪ್ಪಿದರೆ ಅವನು ಆಗಲೂ "ಆರಾಮ ಇದ್ದೀರೇನ್ರಿ ಮಾಮಾ" ಅನ್ನುತ್ತಾನೆ. ಅದನ್ನು ನೆನೆದರೆ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ.

ತು ಅಜ್ಜನ ಅಂಗಡಿ, ಮೂರನೇ ದಿನ

ಒಳಗಲ್ಲಿಯಲ್ಲಿ, ಎರಡು ಮನೆಗಳ ನಡುವೆ ಸಿಕ್ಕಿಕೊಂಡಂತಿದ್ದ ಅಂಗಡಿ. ಬಾಗಿಲಲ್ಲಿ ನೆಲದ ಮೇಲೇ ಕೆಂಪು ದೇವರ ಗೂಡು, ಅದರ ಮುಂದೆ ಬಾಳೆಹಣ್ಣು, ಊದಿನಕಡ್ಡಿ, ಮತ್ತೆ ಒಂದು ಲೋಟ ಐಸ್ ಕಾಫಿ. ದೇವರಿಗೆ ಕುಡಿಯಲು ಅದರಲ್ಲೊಂದು ನಳಿಗೆಯನ್ನೂ ಇಟ್ಟಿದ್ದರು. ನಮ್ಮ ಕಡೆ ದೇವರು ಇಷ್ಟು ಸುಖ ಕಂಡಿಲ್ಲ.

ಮಾಡುವವರು ಮುದುಕರು, ವ್ಯವಹಾರ ನೋಡುವವಳು ನಲವತ್ತರ ಮಗಳು. ಮುದುಕರ ಹೆಸರು ತು. ತು ಅಂದರೆ ನಾಲ್ಕು. ಆ ಸೀಮೆಯಲ್ಲಿ ಮಕ್ಕಳನ್ನು ಹುಟ್ಟಿದ ಕ್ರಮದ ಅಂಕಿಯಿಂದ ಕರೆಯುತ್ತಾರೆ, ಆದರೆ ಮೊದಲನೆಯ ಮಗುವಿಗೆ ಎರಡು ಅನ್ನುತ್ತಾರೆ. ಹಾಗಾಗಿ ನಾಲ್ಕು ಅಂದರೆ ಮೂರನೆಯವರು. ನಮ್ಮ ದೊಡ್ಡಪ್ಪ, ನಡುವಿನಪ್ಪ, ಸಣ್ಣಪ್ಪನ ಲೆಕ್ಕವೇ ವಾಸಿ, ಕೂಡಿ ಕಳೆಯಬೇಕಿಲ್ಲ.

ಮಗಳ ಫೋನು ನಾನು ಹಿಂದಿಯಲ್ಲಿ ಹೇಳಿದ್ದನ್ನು ಅವರ ಮಾತಿಗೆ ತಿರುಗಿಸುತ್ತಿತ್ತು. ಜೇನಿನ ಬಣ್ಣದ ಒಂದು ಗಿಟಾರನ್ನು ಹಿಡಿದು ಎಲ್ಲ ಪರೀಕ್ಷೆ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಜ್ಜ ಎದ್ದು, ಗೋಡೆಯಿಂದ ಗೋಡೆಗೆ ಕಟ್ಟಿದ ಜೋಲಿಯಲ್ಲಿ ಮಲಗಿಬಿಟ್ಟರು. ಮಗಳು ಇನ್ನೊಂದು ಜೋಲಿಯಲ್ಲಿ. ಗಿರಾಕಿ ಕೈಯಲ್ಲಿ ಮಾಲು ಹಿಡಿದು ಕೂತಿದ್ದಾನೆ, ಅಂಗಡಿ ಗೊರಕೆ ಹೊಡೆಯುತ್ತಿದೆ! ಒಂದು ತಾಸು ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ, ಎದ್ದೆ, ಕೂತೆ. ಆ ಗಿಟಾರಿನ ತಲೆಯ ಮೇಲೆ ಯಾವ ಹೆಸರೂ ಇರಲಿಲ್ಲ. ಸೋಸಿ ನೋಡಿದರೂ ಒಂದು ತಪ್ಪು ಸಿಗಲಿಲ್ಲ. ಇದೇ ಅಂತ ನಿಶ್ಚಯಿಸಿದೆ.

ಎದ್ದ ಮೇಲೆ ಮಗಳು ಕ್ಯಾಲ್ಕುಲೇಟರು ಹಿಡಿದಳು. ನಾನು ಬೇಡವೆಂದು ಕೈಮಾಡಿ, ಹೆಗಲ ಮೇಲಿನ ಟವಲು ತೆಗೆದು ಅಜ್ಜನ ಬಲಗೈಯ ಮೇಲೂ ನನ್ನ ಬಲಗೈಯ ಮೇಲೂ ಹೊದಿಸಿದೆ. ನಮ್ಮ ಸಂತೆಯಲ್ಲಿ ಬೆಲೆ ಮಾತಾಡುವುದು ಹೀಗೆಯೇ. ಟವಲಿನ ಕೆಳಗೆ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಸುತ್ತ ನಿಂತವರಿಗೆ ಅಂಕಿ ಕಾಣುವುದಿಲ್ಲ, ಕೊಡುವವರ ಮಾನವೂ ಉಳಿಯುತ್ತದೆ, ಕೊಳ್ಳುವವರದೂ. ಈ ಭಾಷೆಗೆ ಫೋನು ಬೇಕಿಲ್ಲವೆಂದು ನಾನು ತಿಳಿದಿದ್ದೆ.

ಅಜ್ಜನಿಗೆ ಅದು ತಿಳಿಯಲಿಲ್ಲ. ಅವರು ನನ್ನ ಬಲಗೈ ಬಿಟ್ಟು ಎಡಗೈ ಕೇಳಿದರು. ಇಲ್ಲಿಯವರು ಎಡಗೈಯಲ್ಲಿ ವ್ಯವಹಾರ ಮಾಡುತ್ತಾರೇನೋ ಅಂದುಕೊಂಡು ಕೊಟ್ಟೆ. ಮರದ ತೊಗಟೆಯಂಥ ಹೆಬ್ಬೆರಳು ನನ್ನ ಒಂದೊಂದು ಬೆರಳ ತುದಿಯನ್ನೂ ಸವರಿತು. ನಾಲ್ಕನೆಯದಕ್ಕೆ ಬಂದು ನಿಂತಿತು. ಅಜ್ಜ ಏನೋ ಹೇಳಿದರು, ಫೋನು ಹಿಂದಿಯಲ್ಲಿ ಉಸುರಿತು: ಇದು ನುಡಿಸುವ ಕೈಯಲ್ಲ, ಯಾರಿಗೆ ಕೊಳ್ಳುತ್ತೀ?

ಬೆಲೆ ಕೇಳಲು ಕೈ ಕೊಟ್ಟರೆ ಅವರು ಕೈಯನ್ನೇ ಓದಿಬಿಟ್ಟಿದ್ದರು. ಮೂರು ದಿನ ನಾನು ಕುರಿಯನ್ನೇ ನೋಡಿದ್ದೆ, ಕಾಯುವವನನ್ನು ನೋಡಿರಲಿಲ್ಲ.

ಹೆಂಡತಿಯ ತಮ್ಮನಿಗೆ ಅನ್ನಲು, ಹಿಂದಿಯಲ್ಲಿ 'ಮೇರೇ ಸಾಲೇ ಕೇ ಲಿಯೇ' ಅಂದೆ. ಫೋನು ಅದನ್ನು ಬೈಗುಳವೆಂದು ತಿಳಿಯಿತೋ ಏನೋ, ಮಗಳ ಮುಖ ಕೆಂಪಾಯಿತು. ಇನ್ನೊಮ್ಮೆ ಹೇಳಿದೆ. ಇನ್ನಷ್ಟು ಕೆಂಪಾಯಿತು. ಫೋನನ್ನು ಬದಿಗಿಟ್ಟು, ಟವಲಿನ ಕೆಳಗೇ ನನ್ನ ಎಡಗೈ ಉಂಗುರ ಬೆರಳನ್ನು ಮಡಚಿ ಮೊಂಡು ಮಾಡಿ ಅಜ್ಜನ ಅಂಗೈಯಲ್ಲಿಟ್ಟೆ.

ಅವರು ಸವರಿದರು. ನನ್ನ ಮುಖ ನೋಡಿದರು. ಮತ್ತೆ ಸವರಿದರು. ಹೇಗಾಯಿತು, ಯಾವಾಗಾಯಿತು ಎಂದೇನೂ ಕೇಳಲಿಲ್ಲ. ಜೇನು ಬಣ್ಣದ ಗಿಟಾರನ್ನು ನನ್ನ ಮಡಿಲಿನಿಂದ ತೆಗೆದು ಗೋಡೆಗೆ ತೂಗಿಹಾಕಿ, ಒಳಗೆ ಹೋಗಿ ಬೇರೊಂದನ್ನು ತಂದರು.

ಅದನ್ನು ನೋಡಿ ನಾನು ಎದ್ದು ನಿಂತೆ. ಕಪ್ಪು ಮಸುಕು ಬಣ್ಣ, ಅದೂ ಹೋಗಲಿ. ಕತ್ತಿನ ಮೇಲೆ ಹಲ್ಲಿಗೂ ಹಲ್ಲಿಗೂ ನಡುವೆ ಮರವನ್ನು ಗುಳಿ ಗುಳಿಯಾಗಿ ತೋಡಲಾಗಿತ್ತು, ಮಳೆಗೆ ಕೊಚ್ಚಿಹೋದ ಬಂಡಿದಾರಿಯಂತೆ. ಅರ್ಧ ಬೆರಳಿಗೆ ಅರ್ಧ ಗಿಟಾರು ದಾಟಿಸುತ್ತಿದ್ದಾರೆ ಅನ್ನಿಸಿ ಕಿವಿ ಬಿಸಿಯಾಯಿತು. "ಸವದದ್ದು ತೋರಸ್ತಿಯೇನ್ ಮುದುಕಾ?" ಅಂತ ಕನ್ನಡದಲ್ಲೇ ಅಂದೆ.

ಅಜ್ಜ ಕೂತು ನುಡಿಸಿದರು. ತಂತಿಯನ್ನು ಆ ಗುಳಿಯೊಳಕ್ಕೆ ಒತ್ತಿದಂತೆ ಸ್ವರ ನಿಂತಲ್ಲಿ ನಿಲ್ಲದೆ ಮೇಲೇರಿತು, ನಡುಗಿತು, ಇಳಿಯಿತು. ನಮ್ಮವ್ವ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದಾಗ ಸಾಲಿನ ಕೊನೆಯನ್ನು ಹೀಗೇ ಎಳೆಯುತ್ತಿದ್ದಳು. ಮಗಳು ಫೋನಿನಲ್ಲಿ ತಿಳಿಸಿದಳು: ನಮ್ಮ ನಾಟಕದ ಹಾಡುಗಳಿಗೆ ಸ್ವರವನ್ನು ಬಗ್ಗಿಸಬೇಕು, ಅದಕ್ಕೇ ಮರ ತೋಡುತ್ತೇವೆ. ಬೆರಳು ಮರಕ್ಕೆ ತಾಗುವುದಿಲ್ಲ. ಮೆಲ್ಲಗೆ ಮುಟ್ಟಿದರೂ ಸಾಕು.

ಅಜ್ಜ ಎರಡನ್ನೂ ನನ್ನ ಮುಂದಿಟ್ಟು, ಬೆರಳು ಮಡಚು ಅಂತ ಸನ್ನೆ ಮಾಡಿದರು. ಜೇನು ಬಣ್ಣದ್ದರ ಮೇಲೆ ಮಡಚಿದ ಗೆಣ್ಣಿನಿಂದ ಒತ್ತಿದೆ, ನೋವಾಯಿತು, ಸದ್ದು ಸತ್ತಿತು. ಕಪ್ಪಿನದರ ಮೇಲೆ ಒತ್ತಿದೆ. ಸೊಟ್ಟಗಾದರೂ ಸ್ವರ ಬಂತು.

ಶಿವರಾಜನಿಗೂ ಬರುತ್ತದೆಯೇ? ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಮಡಚಿದ ಬೆರಳನ್ನು ಬಿಚ್ಚಬಲ್ಲೆ. ಅವನಿಗೆ ಬಿಚ್ಚಲಾಗದು.

ಕಪ್ಪಿನದನ್ನೇ ತೆಗೆದುಕೊಂಡೆ. ಚೌಕಾಸಿ ಮಾಡಲಿಲ್ಲ ಅಂತ ಬರೆದರೆ ನನ್ನ ಹೆಂಡತಿಯೇ ನಂಬುವುದಿಲ್ಲ, ಮಾಡಿದೆ. ಅಷ್ಟರಲ್ಲಿ ಟವಲಿನ ಭಾಷೆ ಅಜ್ಜನಿಗೂ ಬಂದಿತ್ತು, ಗಟ್ಟಿ ಆಸಾಮಿ. ಒಂದು ಬೆರಳು ಇಳಿಯಲು ಕಾಲು ತಾಸು ತೆಗೆದುಕೊಂಡರು. ಕೊನೆಗೆ ಕೊರಳ ಪಟ್ಟಿ ಮತ್ತು ಎರಡು ಜೊತೆ ತೆಳು ತಂತಿ ಸೇರಿಸಿಕೊಂಡೆ. ಬೆಲೆ ಎಷ್ಟೆಂದು ಕೇಳಬೇಡಿ. ಟವಲಿನ ಕೆಳಗಿನ ಮಾತು ಟವಲಿನ ಕೆಳಗೇ ಇರಲಿ.

ಹೋಟೆಲು, ಉಳಿದ ದಿನಗಳು

ಉಳಿದವರು ದೋಣಿಯಲ್ಲಿ ಹೋದರು, ತೇಲುವ ಸಂತೆ ನೋಡಿದರು, ಬಿದಿರಿನ ಟೋಪಿ ಕೊಂಡರು. ನಾನು ಮಂಚದ ತುದಿಯಲ್ಲಿ ಕೂತು ಉಂಗುರ ಬೆರಳು ಮಡಚಿ ಒಂದೊಂದು ಮನೆಯಲ್ಲೂ ತಂತಿ ಒತ್ತುತ್ತಿದ್ದೆ. ಎಲ್ಲಾದರೂ ನೋಯುವ ಜಾಗವಿದ್ದರೆ ಅವನಿಗಿಂತ ಮೊದಲು ನನಗೆ ಸಿಗಬೇಕು. ಸಿಕ್ಕರೆ ಏನು ಮಾಡುತ್ತಿದ್ದೆ? ತು ಅಜ್ಜನ ಅಂಗಡಿಗೆ ಓಡುತ್ತಿದ್ದೆ. ಒಮ್ಮೆ ಓಡಿದೆ ಕೂಡ. ಅವರು ಜೋಲಿಯಲ್ಲಿದ್ದರು. ಕಣ್ಣು ತೆರೆಯದೆ ಕೈ ಮಾತ್ರ ಎತ್ತಿ, ಹೋಗು ಹೋಗು ಅಂತ ಆಡಿಸಿದರು.

ಕರೆಂಟಿಗೆ ಹಚ್ಚದ ಆ ಗಿಟಾರಿನ ಸದ್ದು ಬಹಳ ಸಣ್ಣದು. ದೋಣಿಯಿಂದ ಬಂದ ನಾಗಶೆಟ್ಟಿ ಊರಿಂದ ತಂದ ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚುತ್ತ ಕೇಳಿದರು, "ಮಾಣಿಕಪ್ಪ, ಸೊಳ್ಳಿ ಸಾಕೀರೇನ್ರಿ?"

"ಪರೀಕ್ಷಾ ಮಾಡ್ಲಿಕತ್ತೀನ್ರಿ."

"ಮೂರು ದಿನ ಆತು, ಇನ್ನೂ ಪಾಸ್ ಆಗಿಲ್ಲ?"

"ಅದಲ್ರಿ, ನಾನು" ಅಂದೆ. ಅವರಿಗೆ ತಿಳಿಯಲಿಲ್ಲ, ರೊಟ್ಟಿ ಮುರಿದು ನನಗೂ ಕೊಟ್ಟರು. ಹಿಡಿಯಲು ಹೋದರೆ ಎಡಗೈ ಬೆರಳು ಉರಿಯುತ್ತಿತ್ತು.

ತಾಂಡೂರು

ಊರಿಗೆ ಬಂದ ಮರುದಿನವೇ ಶಾಂತಮ್ಮನ ಜೊತೆ ತಾಂಡೂರಿಗೆ ಹೊರಟೆ. ಬಸ್ಸಿನಲ್ಲಿ ಗಿಟಾರು ನನ್ನ ತೊಡೆಯ ಮೇಲೆ, ಅವಳ ಕಣ್ಣು ನನ್ನ ಬಾಯಿಯ ಮೇಲೆ.

ಶಿವರಾಜ ಆಗಷ್ಟೇ ಫ್ಯಾಕ್ಟರಿಯಿಂದ ಬಂದಿದ್ದ, ಹುಬ್ಬಿನ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ಚೀಲದ ಜಿಪ್ಪು ಎಳೆದು ಕತ್ತು ನೋಡಿದ. "ಮಾಮಾ, ಇದಕ್ಕ ಇಲಿ ಕಡದಾವೇನ್ರಿ?"

ನಾಲಿಗೆಯ ತುದಿಯಲ್ಲಿ ನಲವತ್ತು ಮಾತಿದ್ದವು. ಶಾಂತಮ್ಮ ಕೆಮ್ಮಿದಳು. ನುಂಗಿದೆ.

ಅವನು ಗುಳಿಗಳ ಮೇಲೆ ಹೆಬ್ಬೆರಳು ಎಳೆದ, ತಿರುಗಿಸಿದ, ತೂಕ ನೋಡಿದ. "ಛಲೋ ಅದ" ಅಂದ. ಬೀಗರ ಮನೆಯ ಸಪ್ಪೆ ಪಾಯಸಕ್ಕೆ ಅನ್ನುವ ಛಲೋ ಅದು. ಗೋಡೆಗೆ ಒರಗಿಸಿಟ್ಟು ಕೂತ. ಚಹಾ ಬಂತು. ಎರಡನೇ ಸಲವೂ ತಪ್ಪಿದೆ ಅಂತ ನಾನು ನೆಲದ ಫರ್ಸಿ ಕಲ್ಲುಗಳನ್ನು ನೋಡುತ್ತ ಕೂತೆ.

"ಎಷ್ಟಕ್ಕ ತಂದ್ರಿ ಮಾಮಾ?" ಅಂದ, ಏನಾದರೂ ಅನ್ನಬೇಕಲ್ಲ ಅಂತ.

ಶಾಂತಮ್ಮನ ಕಿವಿ ನೆಟ್ಟಗಾಯಿತು. ಅವಳ ಮುಂದೆ ನಾನು ಯಾವ ಬೆಲೆಯನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಅದು ನಮ್ಮ ಮನೆಯ ಹಳೆಯ ತಮಾಷೆ. ಟವಲು ತೆಗೆದೆ. ಇಬ್ಬರ ಬಲಗೈಯಲ್ಲೂ ಚಹಾ ಇತ್ತು. ಎಡಗೈಯಲ್ಲಿ ಸೌದಾ ಮಾಡಬಾರದು ಅನ್ನುತ್ತಾರೆ, ಆದರೂ ಟವಲಿನ ಕೆಳಗೆ ಎಡಗೈಗಳೇ ಸೇರಿದವು. ಆ ಯಂತ್ರದ ದಿನದ ಮೇಲೆ ನಾನು ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು.

ನಾನು ಅಂಕಿ ಹೇಳಲು ಅವನ ಬೆರಳು ಹಿಡಿಯುವುದರೊಳಗೆ ಅವನೇ ನನ್ನ ಬೆರಳು ಹಿಡಿದ. "ಏನ್ರಿ ಇದು?"

ಟವಲು ಎಳೆದು ಬಿಸಾಕಿ, ನನ್ನ ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ತೋರುಬೆರಳಿನ ತುದಿಯಲ್ಲಿ ಒಡೆದ ಗುಳ್ಳೆ. ನಡುಬೆರಳಿನಲ್ಲಿ ಒಂದು. ಉಂಗುರ ಬೆರಳಿನ ತುದಿ ನುಣ್ಣಗೆ, ಹೊಸದರಂತೆ. ಗುಳ್ಳೆ ಇದ್ದದ್ದು ಅದರ ಗೆಣ್ಣಿನ ಮೇಲೆ. ಅದನ್ನು ಬಹಳ ಹೊತ್ತು ನೋಡಿದ.

"ಗೆಣ್ಣಿನ ಮ್ಯಾಲ ಯಾಕ ಗುಳ್ಳಿ ಎದ್ದದ?"

ನಾನು ಶಾಂತಮ್ಮನ ಕಡೆ ನೋಡಿದೆ. ಅವಳು ಎದ್ದು ಅಡುಗೆಮನೆಗೆ ಹೋಗಿದ್ದಳು. ಆದರೂ ನಾನು ಹೇಳಲಿಲ್ಲ. ಶಿವರಾಜ ತನ್ನ ಮೊಂಡು ಬೆರಳನ್ನು ಆ ಗುಳ್ಳೆಯ ಪಕ್ಕಕ್ಕಿಟ್ಟು ಅಳೆದ ಹಾಗೆ ನೋಡಿ, ಕೈ ಬಿಟ್ಟ.

"ಕಬ್ಬು ಮುರದಂಗ ಒತ್ತಿದ್ರ ಗುಳ್ಳಿ ಏಳಲ್ದ ಇರ್ತಾವೇನ್ರಿ?" ದನಿ ಏರಿತು. ಅವನು ನನಗೆ ದನಿ ಏರಿಸಿದ್ದೇ ಇಲ್ಲ. "ಹೆಬ್ಬೆರಳು ಹಿಂದಿರಬೇಕು. ಉಗುರು ತೆಗೀಬೇಕು. ಅಂಗೈ ಕತ್ತಿಗಿ ತಾಗಬಾರ್ದು. ಇಷ್ಟ ವಯಸ್ಸಾಗ್ಯಾದ, ಯಾರನ್ನರ ಜರ ಕೇಳಿ ಮಾಡಬೇಕಿಲ್ರಿ ಮಾಮಾ?"

"ತಿಳೀಲಿಲ್ಲಪ್ಪ" ಅಂದೆ.

"ತಿಳೀಲಿಲ್ಲ ಅಂತ, ತಿಳೀಲಿಲ್ಲ!" ಎಡಗೈಯನ್ನು ಅಂಗಿಗೆ ಒರೆಸಿಕೊಂಡು, ಗೋಡೆಗೆ ಒರಗಿದ್ದ ಗಿಟಾರನ್ನು ಎಳೆದು ತೊಡೆಯ ಮೇಲಿಟ್ಟುಕೊಂಡ. ಇಳಿದಿದ್ದ ತಂತಿಯನ್ನು ತಿರುಪಿ ಬಿಗಿ ಮಾಡಿ, ಕಿವಿ ಕೊಟ್ಟು ಕೇಳಿ, ಮತ್ತೆ ತಿರುಪಿದ. ಮೊಂಡು ಬೆರಳನ್ನು ಮೊದಲ ಗುಳಿಯ ಮೇಲೆ ಮೆಲ್ಲಗೆ ಇಟ್ಟು ನನ್ನ ಕಡೆ ತಿರುಗಿದ.

"ಇಲ್ಲಿ ನೋಡ್ರಿ. ಒಮ್ಮೆ ತೋರಸ್ತೀನಿ, ಕಲೀರಿ."